ಸೇರದ ದನಿ

ಬಟ್ಟೆ ಹೊಲಿಯುವ ಆಕೆ ಚರ್ಚಿನ ಗಾಯನ ತಂಡದಲ್ಲಿ ಎಲ್ಲರಿಗಿಂತ ಹಳಬಳು. ತಂಡದವರು ಮನೆಯಲ್ಲೇ ಮೊಬೈಲಿನಲ್ಲಿ ಹಾಡಿ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದರು. ಹಾಡಿನ ಮಾಸ್ತರು ದನಿಗಳನ್ನೆಲ್ಲ ಕೂಡಿಸಿ ಭಾನುವಾರದ ಆರಾಧನೆಯಲ್ಲಿ ಕೇಳಿಸುತ್ತಿದ್ದರು. ಸದ್ದಾಗದಿರಲೆಂದು ಆಕೆ ಫ್ಯಾನು ಆರಿಸಿ, ಬೆವರು ಸುರಿಸುತ್ತ ಹಾಡುತ್ತಿದ್ದಳು.

ಈ ಭಾನುವಾರ ಸ್ಪೀಕರಿನ ಪಕ್ಕದಲ್ಲೇ ಕೂತು ಕಿವಿಗೊಟ್ಟಳು. ಅವಳ ದನಿ ಎಲ್ಲೂ ಇರಲಿಲ್ಲ.

“ನಂದು ಬಂದಿರ್ಲಿಲ್ವಾ ಮಾಸ್ತರೇ?”

“ಬಂದಿತ್ತಮ್ಮ. ಒಡಕು ಮಡಕೆ ಬಡಿದ ಹಾಗಿರುತ್ತೆ, ಹೇಗೆ ಸೇರಿಸ್ಲಿ? ಒಂದ್ಸಲಾನೂ ಸೇರಿಸಿಲ್ಲ. ನೀವು ಕಳಿಸ್ತಾ ಇರಿ, ನಿಮಗೆ ಸಮಾಧಾನ.”

ಅದೇ ತಂಡದಲ್ಲಿ ಹಾಡುವ ಮಗಳಿಗೆ ಮನೆಯಲ್ಲಿ ಇದನ್ನು ಹೇಳಿ, ಅವಳೆದುರೇ ಗುಂಪಿನಿಂದ ಹೊರಬಂದಳು.

“ಒಳ್ಳೇದೇ ಆಯ್ತಮ್ಮ,” ಎಂದಳು ಮಗಳು. “ನಿನ್ನ ಬಿಟ್ಟು ನಾವೆಲ್ಲ ಬೇರೆ ಗುಂಪು ಮಾಡ್ಕೊಂಡಿದ್ವಿ. ಎರಡೆರಡು ನೋಡಿ ಸಾಕಾಗಿತ್ತು.”

“ಅದರಲ್ಲಿ ಏನ್ ಮಾಡ್ತಿದ್ರಿ?”

“ನಿನ್ನ ಹಾಡು ಹಾಕ್ಕೊಂಡು ನಗ್ತಿದ್ವಿ.” ಹೇಳುವಾಗಲೂ ಮಗಳಿಗೆ ನಗು ತಡೆಯಲಾಗಲಿಲ್ಲ.

ಮರುವಾರ ಸಭೆಯೆಲ್ಲ ಎದ್ದು ಹಾಡಿದಾಗ ತಾಯಿ ತುಟಿ ಬಿಚ್ಚಲಿಲ್ಲ. ಪಕ್ಕದಲ್ಲಿದ್ದ ಮಾಸ್ತರರ ಹೆಂಡತಿ ಅದನ್ನು ಗಮನಿಸಿ, ಮಗಳತ್ತ ತಿರುಗಿ ಹೆಬ್ಬೆರಳೆತ್ತಿದಳು.