ನಾಲ್ಕನೇ ಅಧ್ಯಾಯದ ಕೆಂಪು ಬಾಣ

ಮಧ್ಯಾಹ್ನ ಒಂದಕ್ಕೆ ಗಂಟೆ ಹೊಡೆಯಿತು. ಹೊಲಿಗೆ ಯಂತ್ರಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು. ಎಲ್ಲರೂ ಊಟದ ಡಬ್ಬಿಗೆ ಕೈ ಹಾಕಿದರೂ ಅವಳು ಏಳಲಿಲ್ಲ. ಕೈಯಲ್ಲಿದ್ದ ಅಂಗಿಯನ್ನು ಮೇಜಿನ ಮೇಲೆ ಹರಡಿ, ತೋಳು ಕೂಡುವ ಕಡೆ ಜಾರಿದ್ದ ಒಂದೇ ಒಂದು ಹೊಲಿಗೆಯನ್ನು ಹುಡುಕಿ ತೆಗೆದು, ಅಲ್ಲಿಗೆ ಕೆಂಪು ಬಾಣದ ಚೀಟಿ ಅಂಟಿಸಿದ ಮೇಲೇ ಅವಳಿಗೆ ಹಸಿವಾದದ್ದು.

ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಅವಳ ಹೆಸರು ಯಾರಿಗೂ ನೆನಪಿರಲಿಲ್ಲ. ಒಂಬತ್ತು ವರ್ಷದಿಂದ ಎಲ್ಲರಿಗೂ ಅವಳು ಚೆಕ್ಕರಮ್ಮ. ಹೊಲಿದು ಬಂದದ್ದರಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ, ಹಾಗಾಗಿ ಟೈಲರುಗಳು ಅವಳನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು. ಆದರೆ ಅನ್ಯಾಯ ಮಾಡುತ್ತಾಳೆ ಎಂದು ಒಬ್ಬರೂ ಹೇಳುವಂತಿರಲಿಲ್ಲ. ಬಾಣದ ತುದಿ ತಪ್ಪಿನ ಮೇಲೇ ಇರಬೇಕು. ಬಾಣವಿಲ್ಲದೆ ಒಂದು ಅಂಗಿಯನ್ನೂ ವಾಪಸು ಕಳಿಸುವಂತಿಲ್ಲ. ಸರಿಪಡಿಸಿದ ಅಂಗಿ ಬಾಣ ಸಮೇತ ಅವಳಲ್ಲಿಗೇ ಮರಳಿ ಬರುತ್ತಿತ್ತು, ಅದೇ ಜಾಗವನ್ನು ಅವಳು ಮತ್ತೆ ನೋಡಲಿ ಎಂದು. ತಪ್ಪೇ ಇಲ್ಲ ಎಂದು ಟೈಲರಿಗೆ ಅನಿಸಿದರೆ ಬಾಣದ ಸುತ್ತ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಸುತ್ತಿ ಕಳಿಸಬಹುದಿತ್ತು. ಹಾಗೆ ಸೊನ್ನೆ ಸುತ್ತಿಸಿಕೊಂಡು ಅವಳು ತನ್ನ ಬಾಣವನ್ನು ತಾನೇ ಕಿತ್ತದ್ದು ಈ ಒಂಬತ್ತು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ.

ಇದಕ್ಕೆ ಹೊರತಾದ ಇನ್ನೊಂದು ನಿಯಮವೂ ಇತ್ತು. ಇಪ್ಪತ್ತು ಅಂಗಿಯ ಕಟ್ಟಿನಲ್ಲಿ ಮೊದಲ ನಾಲ್ಕರಲ್ಲಿ ಮೂರು ಕೆಟ್ಟಿದ್ದರೆ ಉಳಿದದ್ದನ್ನು ಬಿಚ್ಚಿಯೂ ನೋಡಬೇಕಿಲ್ಲ, ಇಡೀ ಕಟ್ಟೇ ವಾಪಸು. ಈ ನಿಯಮವೇ ಅವಳ ಮನೆಗೆ ಮುಳುವಾಯಿತು.

ಊಟದ ಜೊತೆಗೆ ಅವಳಿಗೆ ಫೋನು ಬೇಕು. ಟೀವಿಯಲ್ಲಿ ಬರುತ್ತಿದ್ದ ದೋಣಿಕಟ್ಟೆಯ ಧಾರಾವಾಹಿಯೊಂದು ಅರ್ಧಕ್ಕೇ ನಿಂತುಹೋಗಿತ್ತು. ದೋಣಿಯವನ ಮಗಳು ಹೊಳೆ ದಾಟಿ ಹೋದವಳು, ತಿರುಗಿ ಬಂದಳೋ ಇಲ್ಲವೋ ಹೇಳದೆ ಟೀವಿಯವರು ಕೈಯೆತ್ತಿಬಿಟ್ಟರು. ಅಭಿಮಾನಿಗಳು ಬಿಡುತ್ತಾರೆಯೇ? ಅದೇ ಪಾತ್ರಗಳನ್ನಿಟ್ಟುಕೊಂಡು ಮುಂದಿನ ಕತೆಯನ್ನು ತಾವೇ ಬರೆದು ಹಾಕಲು ಒಂದು ತಾಣ ಕಟ್ಟಿಕೊಂಡರು. ಓದಿದವರು ಪ್ರತಿ ಅಧ್ಯಾಯಕ್ಕೂ ಐದರವರೆಗೆ ನಕ್ಷತ್ರ ಕೊಡಬಹುದು. ಎರಡಕ್ಕಿಂತ ಕೆಳಗಿಳಿದ ಕತೆ ಪಟ್ಟಿಯಿಂದಲೇ ಮಾಯವಾಗುತ್ತಿತ್ತು.

ಆ ದಿನ ಅವಳ ಕಣ್ಣಿಗೆ ಬಿದ್ದದ್ದು 'ದಡದವನು' ಎಂಬ ಹೆಸರಿನಲ್ಲಿ ಯಾರೋ ಬರೆದ ಹನ್ನೊಂದು ಅಧ್ಯಾಯದ ಕತೆ. ಧಾರಾವಾಹಿಯಲ್ಲಿ ಎರಡೇ ದೃಶ್ಯದಲ್ಲಿ ಬಂದುಹೋದ, ದೋಣಿ ಹೊರಡುವ ಹೊತ್ತನ್ನು ಕೂಗಿ ಹೇಳುವ ಮುದುಕನೇ ಇಲ್ಲಿ ನಾಯಕ. ಅವಳು ಗಟ್ಟಿಯಾಗಿ ಓದಿದಳು: "ಪ್ರಯಾಣಿಕರ ಗಮನಕ್ಕೆ. ಗಂಟೆ ಎಂಟು ಹತ್ತು. ಆಚೆ ದಡದ ದೋಣಿ ಎರಡನೇ ಕಟ್ಟೆಯಿಂದ ಹೊರಡುತ್ತದೆ. ಗಂಟೆ ಎಂಟು ನಲವತ್ತು..."

"ಇದು ಕತೆನೋ, ವೇಳಾಪಟ್ಟಿನೋ?" ಎಂದಳು ಗುಂಡಿ ತೂರಿಸುವ ಕಂಡಿ ಹೊಲಿಯುವ ಕಾಜಾ ಯಂತ್ರದ ಮುಂದೆ ಕೂರುವ ಗೆಳತಿ. ಎಲ್ಲರೂ ಅವಳನ್ನು ಕಾಜಾದವಳು ಎಂದೇ ಕರೆಯುತ್ತಿದ್ದರು.

"ಟಿಕೆಟ್ ತಗೊಂಡು ಓದ್ಬೇಕೇನೋ," ಎಂದು ಚೆಕ್ಕರಮ್ಮ ನಕ್ಕಳು. ಅಲ್ಲೊಂದು ಇಲ್ಲೊಂದು ಸಾಲಿನಂತೆ ನಾಲ್ಕು ಅಧ್ಯಾಯ ಮಗುಚಿದಳು. ಅವಳ ಲೆಕ್ಕದಲ್ಲಿ ಮೂರು ಕೆಟ್ಟಿದ್ದವು. "ಕಟ್ಟೇ ವಾಪಸು!" ಎಂದು ಹನ್ನೊಂದಕ್ಕೂ ಒಂದೊಂದು ನಕ್ಷತ್ರ ಒತ್ತಿದಳು. ನಗುವಿನ ಭರದಲ್ಲಿ ಕಾಜಾದವಳೂ ಒತ್ತಿದಳು, ಇಸ್ತ್ರಿ ಮೇಜಿನ ಹಿರಿಯಕ್ಕನೂ ಒತ್ತಿದಳು. ಗಂಟೆ ಹೊಡೆಯುವ ಮೊದಲೇ ಮೂವರೂ ಕೈ ತೊಳೆದಾಗಿತ್ತು.

ಮನೆಯಲ್ಲಿ ಅವಳ ಮಾವ ಇದ್ದರು. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುತ್ತಿದ್ದ ಮನುಷ್ಯ. ಇಡೀ ಊರಿಗೆ ಅವರ ಮುಖಕ್ಕಿಂತ ದನಿಯೇ ಹೆಚ್ಚು ಪರಿಚಯ. ಅಂಥವರ ಗಂಟಲಿಗೇ ಕ್ಯಾನ್ಸರ್ ಹುಣ್ಣು ಬಂದು, ಒಂದೂವರೆ ವರ್ಷದ ಹಿಂದೆ ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಅಂದಿನಿಂದ ಅವರ ಮಾತೆಲ್ಲ ಒಂದು ಸ್ಲೇಟಿನ ಮೇಲೆ. ಬೆಳಿಗ್ಗೆ ಕಿಟಕಿ ಪಕ್ಕ ಕೂತು ಒಂದೇ ಬೆರಳಲ್ಲಿ ಫೋನು ಕುಟ್ಟುತ್ತಿದ್ದರೆ, ಪಾಪ ಏನೋ ಆಟ ಆಡಿಕೊಂಡಿದ್ದಾರೆ ಎಂದು ಅವಳು ಸುಮ್ಮನಿದ್ದಳು.

ಆ ಕುಟ್ಟುವುದು ಒಂದು ದಿನ ನಿಂತಿತು. ಸ್ಲೇಟು ಬರಿದಾಗಿಯೇ ಇರತೊಡಗಿತು. ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ. ಅಲ್ಲಿಯವರೆಗೆ ಒಬ್ಬರೇ ಆಸ್ಪತ್ರೆಗೆ ಹೋಗಿ ಬರುತ್ತಿದ್ದ ಮಾವ ಎರಡು ಸಲ ತಪ್ಪಿಸಿ, ಮೂರನೇ ಸಲ ಹೋಗುವ ದಿನ ಬಂದಾಗ ಒಂದೇ ಶಬ್ದ ಬರೆದರು: 'ಸಾಕು.'

ವ್ಯಾನು ಓಡಿಸುವ ಗಂಡ ತಲೆ ಕೆರೆದುಕೊಂಡ. "ನನ್ ಮಾತು ಕೇಳಲ್ಲ ಕಣೆ. ನೀನೇ ಏನಾದ್ರೂ ಮಾಡಿ ಕರ್ಕೊಂಡ್ ಹೋಗು."

ಅವಳು ರಜೆ ಹಾಕಿ, ಅಪ್ಪಾಜಿ ಎಂದು ಕಾಡಿ ಬೇಡಿ ಹೊರಡಿಸಿದಳು. ಮಾತು ಕಲಿಸುವ ಮೇಡಂ ಕೋಣೆಯಲ್ಲಿ ಒಂದು ಮೇಜು, ಒಂದು ಕನ್ನಡಿ, ಕುತ್ತಿಗೆಗೆ ಒತ್ತಿ ಹಿಡಿದರೆ ಗರಗರ ದನಿ ಹೊರಡಿಸುವ ಒಂದು ಪುಟ್ಟ ಯಂತ್ರ. ಮೇಡಂ ಎದ್ದು ನಿಂತು ನಕ್ಕರು.

"ಏನ್ ಸರ್, ಎರಡು ಸಲ ತಪ್ಪಿಸಿಕೊಂಡ್ರಿ! ಹನ್ನೆರಡನೇ ಅಧ್ಯಾಯ ತಂದ್ರಾ? ದೋಣಿ ಕೂಗೋ ತಾತ ಏನಾದ ಅಂತ ನಾನಿಲ್ಲಿ ಕಾಯ್ತಾ ಇದೀನಿ."

ಚೆಕ್ಕರಮ್ಮನ ಕೈಯಲ್ಲಿದ್ದ ಚೀಲ ಜಾರಿತು.

"ನಿಮಗೆ ಗೊತ್ತಿಲ್ವಾ?" ಎಂದು ಮೇಡಂ ಅವಳತ್ತ ತಿರುಗಿದರು. "ಮೊದಮೊದಲು ಈ ಯಂತ್ರ ಮುಟ್ಟೋಕೇ ಒಪ್ಪಲಿಲ್ಲ ನಿಮ್ಮ ಮಾವ. ತಗಡಿನ ಡಬ್ಬಿ ದನಿ ನನಗೆ ಬೇಡ ಅಂತ ಬರೆದ್ರು. ಏನಾದ್ರೂ ಬರೀರಿ, ಬರೆದಿದ್ದನ್ನ ಇದ್ರಲ್ಲಿ ನನಗೆ ಓದಿ ಹೇಳಿ ಅಂದೆ. ಆ ಕತೆ ಓದೋಕೋಸ್ಕರಾನೇ ಇವರು ಮಾತು ಕಲಿತಾ ಇದ್ದಿದ್ದು."

ಮಾವ ಸ್ಲೇಟು ತೆಗೆದುಕೊಂಡು ನಿಧಾನವಾಗಿ ಬರೆದರು. 'ನಿಲ್ಲಿಸಿದೆ. ಮೂರು ಜನ ಓದಿದರು. ಹನ್ನೊಂದಕ್ಕೂ ಒಂದೊಂದೇ ನಕ್ಷತ್ರ. ಮಧ್ಯಾಹ್ನ 1.20ರಿಂದ 1.30ರೊಳಗೆ. ಯಾಕೆ ಅಂತ ಹೇಳಲಿಲ್ಲ.'

ಜೀವಮಾನವಿಡೀ ಗಡಿಯಾರ ನೋಡಿ ಬದುಕಿದವರು. ಹೊತ್ತನ್ನು ಬರೆಯದೆ ಇರಲು ಅವರಿಗೆ ಬರುತ್ತಿರಲಿಲ್ಲ. ಮನೆಯಲ್ಲೇ ಇದ್ದ ದನಿ, ಅಕ್ಷರದಲ್ಲಿ ಬಂದಾಗ ಗುರುತೇ ಸಿಗಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಆ ದಿನ ಯಂತ್ರ ಮೇಜಿನ ಮೇಲೇ ಉಳಿಯಿತು.

ಮರುದಿನ ಊಟದ ಹೊತ್ತಿಗೆ ಗೆಳತಿಯರಿಗೆ ವಿಷಯ ಹೇಳಿದಳು. ಕಾಜಾದವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ನಿಮ್ಮ ಮಾವ ಅಂತ ಗೊತ್ತಿದ್ರೆ ಒತ್ತುತಿದ್ವಾ? ಬದಲಾಯಿಸೋಕೆ ಬರುತ್ತಲ್ಲ, ಈಗ್ಲೇ ಐದೈದು ಒತ್ತಿಬಿಡೋಣ. ಆಯ್ತಲ್ಲ."

"ನಮ್ಮ ಮಾವ ಅಲ್ದೇ ಇದ್ದಿದ್ರೆ ಒಂದೇ ಸರಿನಾ? ಆಗ್ಲೂ ಓದಿಲ್ಲ, ಈಗ್ಲೂ ಓದಿಲ್ಲ. ಐದು ಯಾವ ಬಾಯಲ್ಲಿ ಕೊಡ್ಲಿ?"

"ಈ ನಕ್ಷತ್ರಾನೇ ಕಿತ್ತು ಬಿಸಾಕ್ಬೇಕು," ಎಂದಳು ಕಾಜಾದವಳು. ತಾಣದಲ್ಲೂ ಅದೇ ಜಗಳ ನಡೆದಿತ್ತು. ನಕ್ಷತ್ರ ಇರಲೋ ಬೇಡವೋ ಎಂದು ತಿಂಗಳ ಕೊನೆಯೊಳಗೆ ಎಲ್ಲರೂ ಮತ ಹಾಕಬೇಕಿತ್ತು.

ಇಸ್ತ್ರಿಯಕ್ಕ ತಲೆಯಾಡಿಸಿದಳು. "ಕಿತ್ತು ಬಿಸಾಕಿದ್ರೆ ನನ್ನಂಥೋಳು ಏನ್ ಮಾಡ್ಲಿ? ನನಗೆ ಸಿಗೋದು ಈ ಅರ್ಧ ಗಂಟೆ. ಅಲ್ಲಿ ಸಾವಿರ ಕತೆ ಬಿದ್ದಿವೆ. ಯಾವ್ದು ಚೆನ್ನಾಗಿದೆ ಅಂತ ಯಾರಾದ್ರೂ ಹೇಳ್ಬೇಕಲ್ವಾ? ನೋಡು, ನಿನ್ನ ಬಾಣ ಬೈಗುಳ ಅಂತ ಯಾರಾದ್ರೂ ಅಂದಿದ್ದಾರಾ?"

ಚೆಕ್ಕರಮ್ಮ ಊಟ ಹಾಗೇ ಮುಚ್ಚಿಟ್ಟು, ಮೇಜಿನ ಖಾನೆಯಿಂದ ಒಂದು ಹಾಳೆ ಬಾಣದ ಚೀಟಿಯನ್ನು ಮೇಲ್ವಿಚಾರಕರ ಅಪ್ಪಣೆ ಕೇಳಿ ತೆಗೆದುಕೊಂಡಳು.

ಹನ್ನೊಂದು ಅಧ್ಯಾಯವನ್ನೂ ಅಂಗಡಿಯಲ್ಲಿ ಮುದ್ರಿಸಿ ತಂದು, ಭಾನುವಾರ ಇಡೀ ಹಗಲು ಕೂತು ಒಂದೊಂದೇ ಸಾಲು ಓದಿದಳು. ಅಂಗಿಯ ಹೊಲಿಗೆ ನೋಡುವ ಹಾಗೇ ಓದಿದಳು, ಬೇರೆ ಥರ ಓದಲು ಅವಳಿಗೆ ಗೊತ್ತಿರಲಿಲ್ಲ. ಅಡ್ಡಾದಿಡ್ಡಿ ಹೋದ ಕಡೆ ಬಾಣ ಅಂಟಿಸಿ ಪಕ್ಕದಲ್ಲಿ ಬರೆದಳು: 'ಇಲ್ಲಿ ಯಾರು ಮಾತಾಡ್ತಿರೋದು ಗೊತ್ತಾಗಲ್ಲ.' 'ಇಷ್ಟೊಂದು ಸಮಯ ಬೇಡ.' ಐದನೆಯದರಲ್ಲಿ ಒಂದೂ ಬಾಣ ಬೀಳಲಿಲ್ಲ. ಅದನ್ನು ಓದಿ ಮುಗಿಸಿದಾಗ ಅವಳ ಕಣ್ಣು ತುಂಬಿತ್ತು. ಸಂಜೆ ಆ ಕಟ್ಟನ್ನು ಮಾವನ ಮುಂದಿಟ್ಟಳು.

ಮಾವ ಬಾಣಗಳನ್ನು ನೋಡಿದರು. ಸೊಸೆಯ ಮುಖ ನೋಡಿದರು. ಸ್ಲೇಟಿನಲ್ಲಿ, 'ನೀನಾ?'

"ಹೌದು ಅಪ್ಪಾಜಿ. ನಾನೂ, ಇನ್ನಿಬ್ರೂ. ಓದದೇ ಒತ್ತಿದ್ವಿ. ಇವತ್ತು ಓದಿದೆ."

ಅವರು ಗೋಡೆ ಕಡೆ ತಿರುಗಿ ಮಲಗಿದರು. ಎಂಟು ದಿನ ಅವಳ ಕಡೆ ನೋಡಲಿಲ್ಲ. ಅವಳು ತಂದಿಟ್ಟ ನೀರನ್ನು, ಅವಳು ಕೋಣೆಯಿಂದ ಹೋದ ಮೇಲೆ ಕುಡಿಯುತ್ತಿದ್ದರು. ಗಂಡ ಸಮಾಧಾನ ಹೇಳಲು ಬಂದರೆ, "ಅವರಿಗೆ ಸಿಟ್ಟು ಬರಬೇಕಾದ್ದೇ ಬಿಡಿ," ಎನ್ನುತ್ತಿದ್ದಳು.

ಒಂಬತ್ತನೇ ದಿನ ಬೆಳಿಗ್ಗೆ ಊಟದ ಡಬ್ಬಿಯ ಮೇಲೆ ಮೊದಲ ಅಧ್ಯಾಯ ಕೂತಿತ್ತು. ಬಾಣಗಳು ಬಾಣಗಳ ಜಾಗದಲ್ಲೇ ಇದ್ದವು. ಸಾಲುಗಳು ಮಾತ್ರ ಬದಲಾಗಿದ್ದವು. ಕಾರ್ಖಾನೆಯ ನಿಯಮವನ್ನು ಯಾವಾಗಲೋ ಊಟ ಮಾಡುವಾಗ ಅವಳು ಹೇಳಿದ್ದನ್ನು ಮಾವ ನೆನಪಿಟ್ಟುಕೊಂಡಿದ್ದರು. ಅವಳು ಅಡುಗೆಮನೆಯಲ್ಲೇ ನಿಂತು ಒಂದೊಂದೇ ಬಾಣ ನೋಡಿ, ಒಂದೊಂದೇ ಕಿತ್ತಳು.

ಎರಡನೆಯದೂ ಬಂತು, ಮೂರನೆಯದೂ ಬಂತು. ಮಾವ ಮತ್ತೆ ಮೇಡಂ ಹತ್ತಿರ ಹೋಗತೊಡಗಿದರು. ಒಂದು ಸಂಜೆ, ಮೇಡಂ ಮನೆಗೆ ಕೊಟ್ಟು ಕಳಿಸಿದ್ದ ಆ ಯಂತ್ರವನ್ನು ಕುತ್ತಿಗೆಗೆ ಒತ್ತಿ ಹಿಡಿದು ಮೊದಲ ಅಧ್ಯಾಯದ ಅರ್ಧವನ್ನು ಮಗನಿಗೂ ಸೊಸೆಗೂ ಓದಿ ಹೇಳಿದರು. ತಗಡು ಗೀಚಿದಂಥ ದನಿ ಅದು. ಗಂಡ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಮತ ಹಾಕುವ ಕೊನೆಯ ದಿನ ಅವಳು ಮಾವನನ್ನೇ ಕೇಳಿದಳು. "ಅಪ್ಪಾಜಿ, ನಕ್ಷತ್ರ ಇರ್ಲಾ, ತೆಗೀಲಾ?"

ಬೇಡ ಎನ್ನುತ್ತಾರೆ ಎಂದೇ ಅವಳು ಎಣಿಸಿದ್ದಳು. ಮಾವ ಬರೆದರು: 'ಇರಲಿ. ಬಸ್ಸು ತಡವಾದರೆ ಜನ ನನ್ನನ್ನೂ ಬೈತಿದ್ದರು. ಆದರೆ ಯಾವ ಬಸ್ಸು ಅಂತ ಹೇಳಿ ಬೈತಿದ್ದರು.'

ಅವಳು 'ಇರಲಿ' ಎಂದು ಒತ್ತಿ, ಕೆಳಗಿನ ಖಾಲಿ ಜಾಗದಲ್ಲಿ ಬರೆದಳು: ಕಡಿಮೆ ನಕ್ಷತ್ರ ಕೊಡುವವರು ಯಾವ ಸಾಲು ಎಂದೂ ತೋರಿಸಲಿ. ತಾಣದವರು ಮತ ಎಣಿಸಿ ನಕ್ಷತ್ರ ಉಳಿಸಿಕೊಂಡರು. ಖಾಲಿ ಜಾಗದಲ್ಲಿ ಬರೆದದ್ದನ್ನು ಯಾರಾದರೂ ಓದಿದರೋ ಇಲ್ಲವೋ, ಬದಲಾದದ್ದೇನೂ ಕಾಣಲಿಲ್ಲ.

ಅಷ್ಟರಲ್ಲಿ ಹುಣ್ಣು ಮರಳಿತ್ತು. ಈ ಸಲ ಪುಪ್ಪುಸದಲ್ಲಿ. ಡಾಕ್ಟರು ಗಂಡನನ್ನು ಹೊರಗೆ ಕರೆದು ಮಾತಾಡಿದರು. ಮಾವ ಆಸ್ಪತ್ರೆಗೆ ಹೋಗುವಾಗ ನಾಲ್ಕನೇ ಅಧ್ಯಾಯವನ್ನೂ ಒಂದು ಪೆನ್ಸಿಲನ್ನೂ ಚೀಲದಲ್ಲಿ ಇಟ್ಟುಕೊಂಡರು. ಹದಿನೇಳನೇ ದಿನ, ಬೆಳಗಿನ ಗಂಟೆ ಹತ್ತು ಐದಕ್ಕೆ, ತೀರಿಕೊಂಡರು. ಹೊತ್ತನ್ನು ಅವಳು ನೋಡಿ ಇಟ್ಟುಕೊಂಡಳು.

ವಾರದ ಮೇಲೆ ಕೆಲಸಕ್ಕೆ ಹೋದಾಗ ಕಾಜಾದವಳು ಅವಳ ಮನಸ್ಸು ಬೇರೆ ಕಡೆ ತಿರುಗಿಸಲು ಯಾರದೋ ಹೊಸ ಕತೆ ತೆರೆದಳು. "ಬೋರು," ಎಂದು ಒಂದು ನಕ್ಷತ್ರ ಒತ್ತಲು ಹೆಬ್ಬೆರಳು ಎತ್ತಿದವಳು, ಚೆಕ್ಕರಮ್ಮನ ಮುಖ ನೋಡಿ ಹಾಗೇ ತಡೆದಳು. "ಯಾವ ಸಾಲು ಅಂತ ಹೇಳ್ಬೇಕು, ಅಲ್ವಾ?" ಎಂದು ಮತ್ತೆ ಮೊದಲಿಂದ ಓದತೊಡಗಿದಳು.

ಆಸ್ಪತ್ರೆಯಿಂದ ಬಂದ ಚೀಲವನ್ನು ಬಿಚ್ಚಲು ಅವಳಿಗೆ ಇನ್ನೂ ಕೆಲವು ದಿನ ಬೇಕಾಯಿತು. ಒಂದು ಟವೆಲು, ಕನ್ನಡಕ, ಸ್ಲೇಟು. ಅದರಡಿ ನಾಲ್ಕನೇ ಅಧ್ಯಾಯ. ಅಂಕುಡೊಂಕು ಅಕ್ಷರದಲ್ಲಿ ತಿದ್ದಿದ ಸಾಲುಗಳು ಎರಡು ಪುಟದವರೆಗೆ ಇದ್ದವು. ಕೊನೆಯ ಪುಟದಲ್ಲಿ ಒಂದೇ ಬಾಣ. ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ಸೊನ್ನೆ.

ಬಾಣದ ಪಕ್ಕ ಅವಳದೇ ಅಕ್ಷರವಿತ್ತು: 'ಒಂದೇ ಮಾತು ಎರಡು ಸಲ ಬಂದಿದೆ. ಒಂದು ತೆಗೆಯಿರಿ.' ಅದರ ಕೆಳಗೆ ಮಾವನ ಅಕ್ಷರ: 'ಇಲ್ಲಿ ತಪ್ಪಿಲ್ಲ. ಮತ್ತೆ ಓದು.'

ಅವಳು ಮತ್ತೆ ಓದಿದಳು. ಕೊನೆಯ ದೋಣಿ ಬರುವ ಹೊತ್ತು. ಮುದುಕ ಕಟ್ಟೆಯ ಮೇಲೆ ನಿಂತು ಕೂಗುತ್ತಾನೆ. ಜನ ಕೇಳುತ್ತಾರೆ, ದೋಣಿ ಬರುತ್ತದೆ, ಎಲ್ಲರೂ ಇಳಿದು ಹೋಗುತ್ತಾರೆ. ಹೊಳೆ ದಾಟಿ ಹೋದ ದೋಣಿಯವನ ಮಗಳು ಅದರಲ್ಲಿಲ್ಲ. ಕಟ್ಟೆ ಬರಿದಾದ ಮೇಲೆ ಮುದುಕ ಅದೇ ಮಾತನ್ನು ಇನ್ನೊಮ್ಮೆ ಕೂಗುತ್ತಾನೆ. ಮೊದಲನೆಯದು ಊರಿಗಾಗಿ, ಎರಡನೆಯದು ಬರದೇ ಉಳಿದವಳಿಗಾಗಿ. ಆ ಭಾನುವಾರ ಸಾಲು ಸಾಲಾಗಿ ಓದಿದಾಗಲೂ ಅವಳಿಗೆ ಇದು ಕಂಡಿರಲಿಲ್ಲ.

ಉಗುರಿನಿಂದ ಬಾಣದ ತುದಿಯನ್ನು ಎಬ್ಬಿಸಿ, ಕಾಗದ ಹರಿಯದ ಹಾಗೆ ನಿಧಾನವಾಗಿ ಕಿತ್ತಳು. ಆಮೇಲೆ ಮಾವ ಕೂರುತ್ತಿದ್ದ ಕಿಟಕಿ ಪಕ್ಕ ಹೋಗಿ ನಿಂತು, ಪುಟವನ್ನು ಎರಡೂ ಕೈಯಲ್ಲಿ ಹಿಡಿದು, ಗಟ್ಟಿಯಾಗಿ ಓದಿದಳು.

"ಪ್ರಯಾಣಿಕರ ಗಮನಕ್ಕೆ. ಗಂಟೆ ಐದು ನಲವತ್ತು. ಆಚೆ ದಡದ ಕೊನೆಯ ದೋಣಿ ಎರಡನೇ ಕಟ್ಟೆಗೆ ಬರುತ್ತಿದೆ."

ಕೋಣೆಯಲ್ಲಿ ಯಾರೂ ಇರಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡು ಅದನ್ನೇ ಇನ್ನೊಂದು ಸಲ ಓದಿದಳು.