ಒಂದು ಮಾತು ಹೇಳಿಸಿದ್ದು

“ದ್ವಾರಕಾನಾಥ್ ನಿನಗೇನಾಗಬೇಕು?” ಎಂದು ಡಾಕ್ಟರ್ ವಾಂಜಿರು ಇಂಗ್ಲಿಷಿನಲ್ಲಿ ಕೇಳಿದಾಗ ಮೈಥಿಲಿಗೆ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. ಕಾಲೇಜಿನ ಜೀವಶಾಸ್ತ್ರದ ಪ್ರತಿಭಾವಂತರ ಕೂಟವಾದ ಹಾನರ್ ಸೊಸೈಟಿಗೆ ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭಕ್ಕೆ ಇನ್ನು ಅರ್ಧ ಗಂಟೆಯಿತ್ತು. ಅಮ್ಮನ ಮೈಸೂರು ಸಿಲ್ಕ್ ಉಟ್ಟು, ಅಪ್ಪನ ಜೊತೆ ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಿಂದ ಬಂದವಳನ್ನು ವಿಭಾಗದ ಮುಖ್ಯಸ್ಥೆಯಾದ ಅವರು ಕಾರಿಡಾರಿನಲ್ಲೇ ತಡೆದು ನಿಲ್ಲಿಸಿದ್ದರು.

“ಅಪ್ಪ ಕೆಲಸ ಮಾಡುವ ಫ್ಯಾಕ್ಟರಿಯ ಜನರಲ್ ಮ್ಯಾನೇಜರ್. ಯಾಕೆ ಮೇಡಂ?”

“ನಮ್ಮ ಲ್ಯಾಬಿಗೆ ಕೆಮಿಕಲ್ ಕಳಿಸುವವರೂ ಅವರೇ. ಹೋದ ವಾರ ಫೋನ್ ಮಾಡಿ, ನಿನ್ನ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ ಅಂದರು. ಅಷ್ಟು ಹೊತ್ತಿಗೆ ನಿನ್ನನ್ನು ಆರಿಸಿ ಆಗಿತ್ತು. ಈಗ ವಿಷಯ ಗೊತ್ತಾಗಿ, ನಿನ್ನ ಹೆಸರು ತೆಗೆಯಿರಿ ಎಂದು ಸದಸ್ಯರಲ್ಲಿ ಮೂವರು ಪಟ್ಟು ಹಿಡಿದಿದ್ದಾರೆ. ಹೇಳಿಸಿದ್ದು ನೀನಾ?”

ಮೈಥಿಲಿ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಸ್ವೀಟ್ ಬಾಕ್ಸ್ ಹಿಡಿದು ನಿಂತಿದ್ದ ಅಪ್ಪ ಮಧುಕರ ಮುಂದೆ ಬಂದರು. “ನಾನೇ ಮೇಡಂ, ನಾನೇ ಹೇಳಿಸಿದ್ದು,” ಎಂದು ಅವರು ಹಲ್ಲು ಕಿರಿದಾಗ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಧುಕರರ ಲೆಕ್ಕದಲ್ಲಿ ವಶೀಲಿ ತಪ್ಪಲ್ಲ, ಲೋಕಜ್ಞಾನ. ಬೆಂಗಳೂರಿನಲ್ಲಿದ್ದಾಗ ಮಗಳ ಎಲ್‌ಕೆಜಿ ಸೀಟು, ಗ್ಯಾಸ್ ಕನೆಕ್ಷನ್, ಕೊನೆಗೆ ತಿರುಪತಿ ದರ್ಶನಕ್ಕೂ ಯಾರಿಂದಲಾದರೂ ಒಂದು ಮಾತು ಹೇಳಿಸಿದರೇ ಅವರಿಗೆ ಸಮಾಧಾನ. ನೈರೋಬಿಗೆ ಬಂದು ಎಂಟು ವರ್ಷವಾದರೂ ಆ ಚಾಳಿ ಬಿಟ್ಟಿರಲಿಲ್ಲ.

ಸೊಸೈಟಿಯ ಆಯ್ಕೆಗೆ ಬೇಕಾದ ಸರ್ವೇಗಾಗಿ ರಜೆಯಿಡೀ ನ್ಗಾರಾ ಬಡಾವಣೆಯ ಸಗಟು ಅಂಗಡಿಗಳ ಹಿತ್ತಲಲ್ಲಿ ನೀರಿನ ಡ್ರಮ್ಮಿಗೆ ತಲೆ ತೂರಿಸಿ ಸೊಳ್ಳೆಮರಿ ಎಣಿಸಿ ಪುಸ್ತಕದಲ್ಲಿ ಬರೆದವಳು ಮೈಥಿಲಿ. ಇನ್ನೂರ ಹದಿನಾಲ್ಕು ಡ್ರಮ್ಮು. ಅಂಗಡಿಯವರು ಮುನಿಸಿಪಾಲಿಟಿಯಿಂದ ಬಂದವಳೆಂದು ಅಟ್ಟಿದ್ದರು, ನಾಯಿ ಅಟ್ಟಿಸಿಕೊಂಡು ಬಂದಿತ್ತು. ಒಮ್ಮೆ ಜ್ವರ ಬಂದು ವಾರ ಮಲಗಿದ್ದಳು. ಆ ದುಡಿಮೆಗೆಲ್ಲ ಒಂದೇ ಫೋನು ಮಸಿ ಬಳಿದಿತ್ತು.

“ನಿಮ್ಮನ್ನ ಯಾರು ಕೇಳಿದ್ರಪ್ಪಾ?” ಅವಳ ದನಿ ಕಾರಿಡಾರಿನ ತುದಿಗೆ ಕೇಳಿಸುವಷ್ಟು ಏರಿತು.

“ಯಾಕೆ ಪುಟ್ಟಿ ಕಿರುಚ್ತೀಯ? ನಿನ್ನ ಒಳ್ಳೇದಕ್ಕೇ ತಾನೆ? ಎಲ್ರೂ ಹೇಳಿಸ್ತಾರೆ.”

“ಯಾರು ಎಲ್ರೂ? ನನ್ ಕ್ಲಾಸಿನ ಅಕಿನ್ಯಿ ಅಪ್ಪ ಮಟಾಟು ವ್ಯಾನ್ ಓಡಿಸ್ತಾರೆ, ಬಾಡಿಗೆಗೆ. ಅವಳೂ ಸೆಲೆಕ್ಟ್ ಆಗಿದಾಳೆ. ಅವಳಿಗೆ ಯಾರು ಹೇಳಿಸಿದ್ರು?”

ಮಧುಕರ ಸ್ವೀಟ್ ಬಾಕ್ಸನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದರು.

“ಇವಳ ಕೈಲಿ ಆಗಲ್ಲ ಅಂದ್ಕೊಂಡ್ರಿ. ಅದಕ್ಕೇ ತಾನೆ ಫೋನ್ ಮಾಡ್ಸಿದ್ದು? ನನ್ ಮೇಲೆ ಒಂಚೂರೂ ನಂಬ್ಕೆ ಇರ್ಲಿಲ್ಲ ನಿಮ್ಗೆ.”

“ಹಾಗಲ್ವೇ...” ಎಂದರು ಅವರು.

ಮೈಥಿಲಿ ಮುಖ್ಯಸ್ಥೆಯ ಕಡೆ ತಿರುಗಿ, ಬ್ಯಾಗಿನಿಂದ ಪುಸ್ತಕ ತೆಗೆಯುತ್ತ ಇಂಗ್ಲಿಷಿನಲ್ಲಿ ಹೇಳಿದಳು: “ನನಗೆ ಗೊತ್ತಿರಲಿಲ್ಲ ಮೇಡಂ. ನೀವು ಹಾಗೇ ನಂಬಬೇಕಿಲ್ಲ. ನನ್ನ ಸರ್ವೇ ಪುಸ್ತಕ ಸದಸ್ಯರ ಮುಂದಿಡಿ, ಇನ್ನೊಮ್ಮೆ ಮತ ಹಾಕಲಿ. ಬೇಡ ಅಂದರೆ ಮನೆಗೆ ಹೋಗುತ್ತೇನೆ. ಕನಿಕರಕ್ಕೆ ಮಾತ್ರ ಒಳಗೆ ಬಿಡಬೇಡಿ.”

“ಎಂಟು ಸದಸ್ಯರಲ್ಲಿ ಐವರು ಕೈ ಎತ್ತಬೇಕು,” ಎಂದು ಡಾಕ್ಟರ್ ವಾಂಜಿರು ಪುಸ್ತಕ ಇಸಿದುಕೊಂಡರು. ಅವರು ಒಳಗೆ ಹೋಗಿ ಬಾಗಿಲು ಹಾಕಿದರು.

ಗೋಡೆ ಬದಿಯ ಬೆಂಚಿನ ಮೇಲೆ ಅಪ್ಪ ಮಗಳು ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತವಳು ಅವಳೇ.

ಸ್ವಲ್ಪ ಹೊತ್ತಿನ ಮೇಲೆ ಮಧುಕರ ಮೆಲ್ಲಗೆ ಫೋನು ಹೊರತೆಗೆದರು. “ಈಗ್ಲೂ ದ್ವಾರಕಾನಾಥ್ ಅವರು ಮೇಡಂಗೆ ಒಂದ್ಸಲ ಹೇಳಿದ್ರೆ...”

ಮೈಥಿಲಿ ಅವರತ್ತ ತಿರುಗಿದಳು. ದುರುಗುಟ್ಟಿ ನೋಡಿದಳು. ಅವರು ಫೋನನ್ನು ತೊಡೆಯ ಮೇಲಿಟ್ಟುಕೊಂಡರು.

ಒಳಗೆ ಕುರ್ಚಿಗಳು ಸರಿದ ಸದ್ದಾಗಿ, ಬಾಗಿಲು ಅರ್ಧ ತೆರೆದು, ಯಾರೋ ಅವಳ ಹೆಸರು ಕೂಗಿದರು. ಮಧುಕರ ಅಭ್ಯಾಸಬಲದಿಂದ ಎದ್ದು ಎರಡು ಹೆಜ್ಜೆ ಇಟ್ಟವರು, ನಿಂತು, ಹಿಂದಕ್ಕೆ ಬಂದು ಕೂತರು. ಅವಳು ಸೆರಗು ಸರಿಮಾಡಿಕೊಂಡು ಒಬ್ಬಳೇ ಒಳಗೆ ಹೋದಳು.

ತೊಡೆಯ ಮೇಲಿನ ಫೋನು ರಿಂಗಾಗತೊಡಗಿತು. ದ್ವಾರಕಾನಾಥ್. ಮಧುಕರ ಅದು ತಾನಾಗಿ ನಿಲ್ಲುವವರೆಗೂ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಿದ್ದರು.