ನಾತವಿಲ್ಲದ ಮೂಟೆ

ಕೋಳಿ ಸಾಕುವವರ ನಡುವೆ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ನೆಕ್ಕಪ್ಪ. ಕೋಳಿ ಮೇವಿಗೆ ಬೆರೆಸುವ, ಪ್ರೋಟೀನಿನ ಅಂಶವಾದ ಮಿಥಿಯೊನಿನ್ ಪುಡಿ ಮಾರುವುದು ಅವನ ಕೆಲಸ. ಮೂಟೆ ಬಿಚ್ಚಿ, ಬೆರಳು ಒದ್ದೆ ಮಾಡಿಕೊಂಡು, ಒಂದು ಚಿಟಿಕೆ ನಾಲಿಗೆಗೆ ಹಚ್ಚಿ, ಜೇನು ನೆಕ್ಕಿದವನಂತೆ ಬಾಯಿ ಚಪ್ಪರಿಸಿ ತೋರಿಸುತ್ತಿದ್ದ. ಮೂಟೆಯ ಮೇಲೆ ಅಚ್ಚಾದದ್ದನ್ನು ಯಾರೂ ಓದುತ್ತಿರಲಿಲ್ಲ. ಅವನ ಬಾಯಿ ನೋಡಿ ಕೊಳ್ಳುತ್ತಿದ್ದರು.

ಆ ಪುಡಿಯೋ, ಕೊಳೆತ ಎಲೆಕೋಸಿನ ನಾತ. ಎಷ್ಟು ಸೋಪು ಉಜ್ಜಿದರೂ ಮೈ ಬಿಡದ ದರಿದ್ರ ನಾತ. ಬಚ್ಚಲಿಗೆ ಹೋಗಿ ಬಂದ ಮೇಲೆಯೇ ಹೆಂಡತಿ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಆದರೂ ಅವನಿಗೆ ಅದರ ಮೇಲೊಂದು ಮರ್ಯಾದೆಯಿತ್ತು. ಅದು ಸಾಲದೆ ಹೋದರೆ ಮೊಟ್ಟೆ ಸಣ್ಣದಾಗುತ್ತದೆ, ಪುಕ್ಕ ಉದುರುತ್ತದೆ, ಕೋಳಿಗಳು ಒಂದರ ಹಿಂಭಾಗವನ್ನೊಂದು ಕುಕ್ಕಿ ಕುಕ್ಕಿ ಕರುಳನ್ನೇ ಎಳೆದು ತಿನ್ನುತ್ತವೆ. ಅಂಥದೊಂದು ಶೆಡ್ಡನ್ನು ಅವನು ಕಣ್ಣಾರೆ ಕಂಡಿದ್ದ. ಆಮೇಲೆ ಎಷ್ಟೋ ದಿನ ಅನ್ನ ಸೇರಿರಲಿಲ್ಲ.

ಈಗ ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದ ಯಜಮಾನ ಹೊಸ ಮೂಟೆ ತಂದಿದ್ದ. ನಾತವೇ ಇಲ್ಲ! ಅದೇ ನೆಕ್ಕಪ್ಪನಿಗೆ ಅನುಮಾನ ಹುಟ್ಟಿಸಿತು. ಗೋಡೌನಿನ ಹಿಂದೆ ಹೋಗಿ ನೋಡಿದ. ಚರ್ಮ ಹದ ಮಾಡುವಲ್ಲಿಂದ ಬಂದ ರಾಸಾಯನಿಕದಿಂದ ನೀಲಿಗಟ್ಟಿದ ಚರ್ಮದ ಹೆರೆದ ಚೂರು, ಕಸಾಯಿಖಾನೆಯ ಪುಕ್ಕ, ಅದಕ್ಕಂಟಿದ ಒಣಗಿದ ರಕ್ತ, ಮೇಲೆ ಹರಿದಾಡುವ ಹುಳ. ಎಲ್ಲವೂ ಸೇರಿ ಗಿರಣಿಯ ಬಾಯಿಗೆ ಬೀಳುತ್ತಿತ್ತು. ಅವನು ಅಲ್ಲೇ ಗೋಡೆ ಹಿಡಿದು ಕಾರಿಕೊಂಡ.

"ಪ್ರೋಟೀನು ಪ್ರೋಟೀನೇ ಕಣಯ್ಯಾ, ಕೋಳಿಗೇನು ಗೊತ್ತಾಗುತ್ತೆ?" ಎಂದು ಯಜಮಾನ ಹಲ್ಲು ಕಿರಿದ. "ನಿಮ್ಮತ್ತೆ ಶೆಡ್ಡಿಂದಲೇ ಶುರು ಮಾಡು. ಅವರು ತಗೊಂಡ್ರೆ ಅಕ್ಕಪಕ್ಕದೋರೆಲ್ಲ ತಗೋತಾರೆ. ಆಗಲ್ಲ ಅಂದ್ರೆ ಹೇಳಿಬಿಡು, ನೆಕ್ಕೋಕೆ ಬೇರೆ ಜನ ಇದ್ದಾರೆ."

ಥೂ, ಎಂಥ ಮಾತು! ಆ ಮಾತನ್ನು ಮುಖಕ್ಕೆ ವಾಪಸ್ ಎಸೆಯಬೇಕಿತ್ತು. ನೆಕ್ಕಪ್ಪ ತಲೆಯಾಡಿಸಿ ಮೂಟೆ ಹೊತ್ತ.

ಈ ಅತ್ತೆ ಅವನ ತಂದೆಯ ಅಕ್ಕ, ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದವಳು. ಒಂಟಿ ಹೆಂಗಸು. ಮರಿಯಿಂದ ಸಾಕಿದ ಅವಳ ಹಿಂಡು ಇನ್ನೇನು ಮೊಟ್ಟೆಗೆ ಬರುವುದರಲ್ಲಿತ್ತು. ಅವಳ ಬದುಕು ನಿಂತಿದ್ದದ್ದೇ ಆ ಹಿಂಡಿನ ಮೇಲೆ.

"ಇದೇನೋ, ವಾಸನೇನೇ ಇಲ್ಲ?" ಮೂಟೆ ಬಿಚ್ಚಿದಾಗ ಅತ್ತೆ ಕೇಳಿದಳು.

"ಹೊಸಾದು ಅತ್ತೆ. ಚೆನ್ನಾಗಿ ಶುದ್ಧ ಮಾಡಿದಾರೆ."

"ಹಂಗಾದ್ರೆ ತಿಂದು ತೋರಿಸು."

ಬೆರಳು ಒದ್ದೆ ಮಾಡಿಕೊಂಡ. ಪುಡಿ ನಾಲಿಗೆಗೆ ಅಂಟಿತು. ಹಳೇ ಚಪ್ಪಲಿಯ ಅಟ್ಟೆ ಜಗಿದ ಹಾಗೆ, ಅದರ ಜೊತೆಗೊಂದು ಕೂದಲಿನಂಥ ಎಳೆ. ಅದು ಕಿರುನಾಲಿಗೆಯ ಹತ್ತಿರ ಸಿಕ್ಕಿಕೊಂಡು ಕೆಳಗಿಳಿಯಲೊಲ್ಲದು, ಮೇಲೂ ಬರದು. ವಾಕರಿಕೆಯನ್ನು ಹಲ್ಲು ಕಚ್ಚಿ ತಡೆದು ನುಂಗಿದ. ಕಣ್ಣಲ್ಲಿ ನೀರು ಬಂತು. ಆಮೇಲೆ, ನಾಚಿಕೆಗೆಟ್ಟವನು, ಬಾಯಿ ಚಪ್ಪರಿಸಿದ.

ಅತ್ತೆಗೆ ಅಷ್ಟು ಸಾಕಾಯಿತು. ಪುಡಿಯನ್ನು ಮೇವಿಗೆ ಬೆರೆಸಿ, ಮೊದಲ ಸಾಲಿನ ತೊಟ್ಟಿಗೆ ಉದ್ದಕ್ಕೂ ಸುರಿಯುತ್ತಾ ಹೋದಳು. ಕೋಳಿಗಳು ಪಂಜರದ ಕಂಬಿಯಿಂದ ಕತ್ತು ಚಾಚಿ ಮುಗಿಬಿದ್ದವು. ಅವನು ಕೈ ಕಟ್ಟಿಕೊಂಡು ನಿಂತು ನೋಡಿದ. ತನ್ನ ಬಾಯಿಯ ಬಗ್ಗೆ ತನಗೇ ಅಸಹ್ಯವಾಯಿತು.

ಅತ್ತೆ ವಾಪಸ್ ಬಂದು ಮೂಟೆಯ ಮುಂದೆ ಕೂತಳು. "ಇಷ್ಟು ದಿನ ಆ ದುರ್ನಾತಕ್ಕೆ ಹತ್ರ ಬರೋಕೇ ಆಗ್ತಿರಲಿಲ್ಲ. ನೀನು ದಿನಾ ತಿನ್ನೋದೇನು ಅಂತ ನಾನೂ ಒಂದ್ಸಲ ನೋಡೇಬಿಡ್ತೀನಿ," ಎಂದು ನಗುತ್ತಾ ಬೆರಳು ಅದ್ದಿ ತುಟಿಯ ಹತ್ತಿರ ತಂದಳು.

ನೆಕ್ಕಪ್ಪ ಹಾರಿ ಅವಳ ಮಣಿಕಟ್ಟು ಹಿಡಿದ.

"ಬೇಡ ಅತ್ತೆ! ಚರ್ಮದ ಹೊಲಸು ಅದು. ಹುಳ ಬಿದ್ದಿರೋ ಪುಕ್ಕ!"

ಅವಳು ಮೊದಲು ತನ್ನ ಬೆರಳು ನೋಡಿದಳು, ಆಮೇಲೆ ಅವನ ಮುಖ. "ಈಗ ತಾನೇ ನೀನು ತಿಂದೆಯಲ್ಲೋ?"

"ಕೆಲಸ ಉಳೀಲಿ ಅಂತ ತಿಂದೆ."

ಸಾಲಿನುದ್ದಕ್ಕೂ ಕೊಕ್ಕುಗಳು ತಗಡಿನ ತೊಟ್ಟಿಗೆ ಟಕಟಕ ಬಡಿಯುತ್ತಿದ್ದವು. ಅತ್ತೆ ಕೈ ಬಿಡಿಸಿಕೊಂಡಳು. "ನನ್ನ ಕೈ ಹಿಡಿಯೋಕೆ ಹಾರಿ ಬಂದೆ. ಅವಕ್ಕೆ ಸುರೀತಾ ಇದ್ದಾಗ ಎಲ್ಲಿತ್ತೋ ನಿನ್ನ ಕೈ?"

ಅವಳು ಓಡಿಹೋಗಿ ತೊಟ್ಟಿಯ ಮೇವನ್ನು ಎರಡೂ ಕೈಯಲ್ಲಿ ಬಾಚಿ ನೆಲಕ್ಕೆ ಚೆಲ್ಲತೊಡಗಿದಳು. ಹಸಿದ ಕೋಳಿಗಳು ಅವಳ ಕೈಯನ್ನೇ ಕುಕ್ಕುತ್ತಿದ್ದವು. ನೆಕ್ಕಪ್ಪ ಪಕ್ಕಕ್ಕೆ ಬಂದು ಬಗ್ಗಿದ.

"ನೀನು ಬೇಡ," ಎಂದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿದ್ದರೂ ತಲೆಯೆತ್ತದೆ ಮುಂದಿನ ಪಂಜರಕ್ಕೆ ಹೋದಳು.